ಸಾವಿರದ ಇನ್ನೂರರ ಕೆಳಗ ಇಳಿಬ್ಯಾಡ್ರಿ

ತೂಕದ ಮಷಿನ್ ಮ್ಯಾಲ ಹತ್ತೋತನಕ ಮಂದಿ ಶಾಣ್ಯಾರ ಇರ್ತಾರ. ಹತ್ತಿದ ಮ್ಯಾಲ ಏನಾಗ್ತದೋ ಏನೋ, ಒಬ್ಬೊಬ್ಬರು ಒಂದೊಂದು ನಮೂನಿ ಆಗ್ತಾರ. ಇದನ್ನ ನಾ ದಿನಾ ನೋಡ್ತೀನಿ, ಯಾಕಂದ್ರ ನೋಡೂದ ನನ್ನ ನೌಕರಿ.

ರಾಯಚೂರಾಗ ನಾ ಕೆಲಸ ಮಾಡೋ ದವಾಖಾನ್ಯಾಗ ಒಬ್ಬರು ಡಯಟ್ ಮೇಡಂ ಅದಾರ. ಯಾರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳೋರು. ಅವರ ಖೋಲಿ ಬಾಗಲದಾಗ ಮಷಿನ್ ಇಟ್ಕೊಂಡು ನಾ ಕುಂದರ್ತೀನಿ. ಬಂದವರನ್ನ ಹತ್ತಸ್ತೀನಿ, ನೋಡ್ತೀನಿ, ಇಳಸ್ತೀನಿ. ಬುಧವಾರ ಮಾನ್ವ್ಯಾಗ, ಶನಿವಾರ ದೇವದುರ್ಗದಾಗ ಕ್ಯಾಂಪ್ ಇರ್ತದ. ಆವಾಗ ಮಷಿನ್ ತೊಡಿ ಮ್ಯಾಲ ಇಟ್ಕೊಂಡು ಜೀಪಿನಾಗ ಹೋಗ್ತೀನಿ. ನಾನೂ ಸ್ವಲ್ಪ ಮೈಯಾಗ ದಪ್ಪ ಅದೀನಿ. ಮೇಡಂ ಅದಕ್ಕ ಏನೂ ಅನ್ನೂದಿಲ್ಲ. ಗ್ವಾಡಿ ಮ್ಯಾಲ 'ಮೊದಲು', 'ಆಮ್ಯಾಲ' ಅಂತ ಎರಡು ಫೋಟೋ ಹಚ್ಚ್ಯಾರ. ಅದರಾಗ 'ಮೊದಲು' ಅನ್ನೂದು ನನ್ನ ಫೋಟೋ. 'ಆಮ್ಯಾಲ' ಬ್ಯಾರೆ ಯಾರದೋ.

ಮೇಡಂದು ಸಣ್ಣ ದನಿ. ಆದ್ರ ಒಂದು ಮಾತಿನ ಮ್ಯಾಲ ಗುಂಡಗಲ್ಲಿನಂಗ ಕುಂತಾರ. ತೂಕ ಇಳಸ್ಬೇಕಂತ ಹೆಂಗಸರು ದಿನಕ್ಕ ಸಾವಿರದ ಇನ್ನೂರು ಕ್ಯಾಲರಿಗಿಂತ ಕೆಳಗ, ಗಂಡಸರು ಸಾವಿರದ ಐನೂರಕ್ಕಿಂತ ಕೆಳಗ ತಮ್ಮ ಮನಸಿಗೆ ಬಂದಂಗ ಇಳಿಬಾರದು. ಇಳಿಲೇಬೇಕಂದ್ರ ಡಾಕ್ಟರ್ ಕಣ್ಣಮುಂದ ಇಳಿಬೇಕು. ಇಷ್ಟ. ಈ ಇಷ್ಟನ್ನ ಮಂದಿಗೆ ತಿಳಿಸೋದ್ರಾಗ ಆ ತಾಯಿ ಅರ್ಧ ಆಯುಷ್ಯ ಸವೆಸ್ಯಾರ. ಉಳಿದ ಅರ್ಧಕ್ಕ ನಮ್ಮಕ್ಕ ಬಂದ್ಲು.

ಅಕ್ಕನ ಕಥಿ ನಗೋ ಕಥಿ ಖರೆ. ಆದ್ರ ಅದರಾಗ ಆಕಿ ಆಪರೇಷನ್ ಮಾತು ಇತ್ತು, ಅದಕ್ಕ ಆವಾಗ ನಮಗ ನಗು ಬಂದಿರಲಿಲ್ಲ. ಅದಕ್ಕೂ ಮೊದಲ ಮೇಡಂ ಎಂಥಾವರು ಅನ್ನೂದು ಗೊತ್ತಾಗ್ಲಿ ಅಂತ ಒಂದು ಹೇಳ್ತೀನಿ.

ಫಿಕ್ಸ್ ರೇಟ್

ರಾಯಚೂರಿನ ಬಟ್ಟಿ ಅಂಗಡಿ ಶೆಟ್ರು ಒಬ್ಬರು ಬಂದ್ರು. ಹೊಟ್ಟಿ ಮೊದಲು ಒಳಗ ಬಂತು, ಆಮ್ಯಾಲ ಶೆಟ್ರು ಬಂದ್ರು. ಮೇಡಂ ಎಲ್ಲಾ ಕೇಳಿ, ನೋಡಿ ಹೇಳಿದ್ರು, "ದಿನಕ್ಕ ಸಾವಿರದ ಎಂಟ್ನೂರು ಕ್ಯಾಲರಿ ಊಟ ಮಾಡ್ರಿ. ನಿಧಾನಕ್ಕ ಇಳಿತದ."

ಶೆಟ್ರು ಮೋತಿ ಸಣ್ಣ ಮಾಡಿದ್ರು. "ಭಾಳ ಆತು ಮೇಡಂ. ಆರನೂರು ಮಾಡ್ರಿ."

"ಆರನೂರು ಆಗೂದಿಲ್ರಿ."

"ಹೋಗ್ಲಿ, ನಿಮ್ದೂ ಬ್ಯಾಡ, ನಂದೂ ಬ್ಯಾಡ. ಎಂಟ್ನೂರು. ಮನ್ಯಾಗ ಇನ್ನ ಮೂರು ಮಂದಿ ದಪ್ಪನವರು ಅದಾರ, ಎಲ್ಲಾರನ್ನೂ ನಿಮ್ಮಲ್ಲೇ ಕರ್ಕೊಂಡು ಬರ್ತೀನಿ."

"ಶೆಟ್ರ, ನೀವು ಅಷ್ಟ ತಿಂದ್ರ ತಲಿ ತಿರಗ್ತದ, ಕೈಕಾಲಿನ ಕಸುವು ಹೋಗ್ತದ, ಕೂದಲಾ ಉದುರ್ತಾವ, ಪಿತ್ತಕೋಶದಾಗ ಕಲ್ಲು ಆದ್ರೂ ಆಗಬಹುದು."

"ಕೂದಲಾ ಹೆಂಗಿದ್ರೂ ಇಲ್ರಿ. ಅದೊಂದು ಕಳದು ಹೇಳ್ರಿ."

ಮೇಡಂ ಮುಂದಿನ ಪೇಷಂಟಿನ ಚೀಟಿ ತಗದ್ರು. ಶೆಟ್ರು ಎದ್ರು. ತಮ್ಮ ಅಂಗಡ್ಯಾಗ ಗಿರಾಕಿಗಳು ಮಾಡ್ತಾರಲ್ಲ, ಹಂಗ ಚೀಲ ಹೆಗಲಿಗೆ ಹಾಕ್ಕೊಂಡು, "ಹಂಗಾರ ಬ್ಯಾಡ ಬಿಡ್ರಿ" ಅಂತ ನಿಧಾನಕ ಬಾಗಲ ತನಕ ನಡದ್ರು. ಅಲ್ಲಿ ನನ್ನ ಬಾಜೂಕ ನಿಂತು, ಯಾರರ ಹಿಂದ ಕರೀತಾರೇನು ಅಂತ ಕಿವಿ ಕೊಟ್ಟು ಕೇಳಿದ್ರು. ಯಾರೂ ಕರೀಲಿಲ್ಲ. ಹೊರಗ ಹೋಗಿ ಮೆಟ್ಟಲ ಮ್ಯಾಲ ನಿಂತ್ರು. ಅಲ್ಲಿಂದ ಒಮ್ಮಿ ಹಣಕಿ ನೋಡಿದ್ರು. ಮೇಡಂ ಮುಂದಿನ ಪೇಷಂಟ್ ನೋಡಾಕತ್ತಿದ್ರು.

ಶೆಟ್ರು ತಿರುಗಿ ಒಳಗ ಬಂದ್ರು. "ಆತ್ರೀ, ನಿಮ್ಮ ಮಾತಿಗೇ ಇರ್ಲಿ. ಸಾವಿರದ ಎಂಟ್ನೂರು. ಆದ್ರ ಮ್ಯಾಲ ಒಂದು ಮಿರ್ಚಿ ಕೊಸರು ಹಾಕ್ರಿ."

ಗಾಳಿ ಮ್ಯಾಲ ಇರಾಕಿ

ಈಗ ಅಕ್ಕ. ದೇವದುರ್ಗ ತಾಲೂಕಿನ ಜಾಲಹಳ್ಳ್ಯಾಗ ಅಂಗನವಾಡಿ ಟೀಚರ್ ಆಕಿ. ನಮ್ಮವ್ವ ಮಂದಿ ಹೊಲದಾಗ ಕಳೆ ತಗದು ಆಕಿನ್ನ ಓದಸ್ಯಾಳ. ನಮ್ಮ ಮನಿತನದಾಗ ಮೊದಲು ನೌಕರಿ ಹಿಡದಾಕಿ ಅಕ್ಕನ. ಹಿಡದದ್ದು ಬಿಡಾಕಿ ಅಲ್ಲ, ಅದು ನೌಕರಿ ಇರ್ಲಿ, ಹಟ ಇರ್ಲಿ.

ಆಕಿಗೆ ಹೊಕ್ಕಳ ಹತ್ರ ಹರ್ನಿಯಾ ಆತು. ರಾಯಚೂರಿಗೆ ಬಂದು ಆಪರೇಷನ್ ಮಾಡೋ ಡಾಕ್ಟ್ರಿಗೆ ತೋರಿಸಿದ್ವಿ. ಅವರು, "ಈ ತೂಕಕ್ಕ ಹೊಲಿಗಿ ನಿಂದ್ರೂದಿಲ್ಲ. ಒಂದು ಹತ್ತು ಕೆ.ಜಿ. ಇಳಸ್ಕೊಂಡು ಬರ್ರಿ. ಅಲ್ಲೀತನಕ ಭಾರ ಎತ್ತಬ್ಯಾಡ್ರಿ, ಮಕ್ಕಳನ್ನೂ ಎತ್ತಬ್ಯಾಡ್ರಿ" ಅಂದ್ರು.

ಅಂಗನವಾಡಿ ಟೀಚರ್‌ಗೆ ಕೂಸು ಎತ್ತಬ್ಯಾಡ ಅನ್ನೂದು ಕಂಡಕ್ಟರ್‌ಗೆ ಸೀಟಿ ಊದಬ್ಯಾಡ ಅಂದಂಗ. ನಮ್ಮ ಕ್ಯಾಂಪ್ ಜೀಪಿನಾಗ ಊರಿಗೆ ಹೊಳ್ಳಿ ಹೋಗೋಮುಂದ ಅಕ್ಕ ಒಂದ ಮಾತು ಅಂದ್ಲು. "ಮಕ್ಕಳು ಕೈ ಚಾಚಿ ಬರ್ತಾವ ತಮ್ಮಾ. ಎತ್ತೂದಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?"

ನಾ ಅಂದೆ, "ನಮ್ಮ ಮೇಡಂಗ ತೋರಸೋಣ ಬಾ ಅಕ್ಕಾ, ಅವರು ಇಳಸ್ತಾರ."

ಅಕ್ಕ ನನ್ನನ್ನ ತಲಿಯಿಂದ ಕಾಲಿನ ತನಕ ನೋಡಿದ್ಲು. ನಡುವ ಸ್ವಲ್ಪ ಜಾಸ್ತಿನ ನೋಡಿದ್ಲು. "ನಿನ್ನ ನೋಡಿದ್ರ ತಿಳಿಯಂಗಿಲ್ಲೇನು, ಅವರು ಎಷ್ಟು ಇಳಸ್ತಾರಂತ!"

ಮರುದಿನದಿಂದ ಆಕಿದ ಆಕಿ ಪದ್ಧತಿ ಸುರು. ಮುಂಜಾನೆ ಬರೀ ಚಹಾ, ಮಧ್ಯಾಹ್ನ ಒಂದು ವಾಟಿ ಮಜ್ಜಿಗಿ, ಸಂಜಿಗೆ ಅರ್ಧ ರೊಟ್ಟಿ. ಫೋನ್ ಮಾಡಿದ್ರ, "ಗಾಳಿ ಮ್ಯಾಲ ಅದೀನಪಾ" ಅಂತಿದ್ಲು. ಮೊದಮೊದಲು ತೂಕ ದಡದಡ ಇಳೀತು. ಅಕ್ಕ ಇಡೀ ಜಾಲಹಳ್ಳಿಗೆ ಹೇಳಿಕೊಂಡು ಬಂದ್ಲು. ಆಮ್ಯಾಲ ಅದು ಇಳಿಯೂದು ನಿಂತು, ಅಕ್ಕ ಬೀಳೂದು ಸುರು ಆತು. ಒಂದಿನ ಮಕ್ಕಳಿಗೆ ಊಟಕ್ಕ ಬ್ಯಾಳಿ ತರಾಕ ಅಂಗನವಾಡಿ ಸಾಮಾನಿನ ಖೋಲಿಗೆ ಹೋದಾಕಿ ಅಲ್ಲೇ ಕಣ್ಣು ಕತ್ತಲಿ ಬಂದು ಕುಸದ್ಲು. ಆಯಾ ಓಡಿ ಹೋಗಿ ನೋಡಿದ್ರ, ಆ ಕಡಿ ಅಕ್ಕಿ ಚೀಲ, ಈ ಕಡಿ ಬ್ಯಾಳಿ ಚೀಲ, ತಲಿ ಬಲ್ಲಿ ಬೆಲ್ಲದ ಡಬ್ಬಿ, ನಡುವ ಅಕ್ಕ.

ನಾ ಬಸ್ ಹಿಡದು ಹೋಗೋ ಅಷ್ಟರಾಗ ಎಚ್ಚರಾಗಿ ಕುಂತಿದ್ಲು. ನಮ್ಮ ಮಾವ, ಅಂದ್ರ ಅಕ್ಕನ ಗಂಡ, ಬಾಗಲದಾಗ ನಿಂತಿದ್ದ. ಕುರಿ ಮೇಯಿಸಿ, ಹೊಲ ಮಾಡಿ ಗಟ್ಟಿಯಾದ ಮನಷ್ಯಾ. ಸಿಟ್ಟಿನಾಗ ಅಂದ, "ಹಸಗೊಂಡು ಬೀಳಾಕ ಊರಾಗ ಬ್ಯಾರೆ ಜಾಗಾನ ಸಿಗಲಿಲ್ಲೇನು ನಿನಗ?"

ಕೆಂಪು

ಬಿದ್ದು ಎದ್ದ ಮ್ಯಾಲೂ ಅಕ್ಕ ಸೋಲಲಿಲ್ಲ. ಆಪರೇಷನ್ ಡಾಕ್ಟ್ರ ಹತ್ರ ಎದಿ ಸೆಟಸ್ಕೊಂಡು ಹೋಗಿ, "ಇಳಸೀನ್ರಿ" ಅಂದ್ಲು. ಡಾಕ್ಟ್ರು ರಕ್ತ ಪರೀಕ್ಷಾ ಮಾಡಿಸಿ ತಲಿ ಹಿಡ್ಕೊಂಡ್ರು. "ತೂಕ ಇಳಿಸ್ರಿ ಅಂದ್ರ ರಕ್ತಾನೂ ಇಳಿಸ್ಕೊಂಡು ಬಂದೀರಲ್ರಿ! ಇಷ್ಟು ಅಶಕ್ತ ಇದ್ದವರಿಗೆ ನಾ ಕತ್ತರಿ ಹಚ್ಚೂದಿಲ್ಲ" ಅಂತ ಹೊಳ್ಳಿ ಕಳಿಸಿದ್ರು.

ಶನಿವಾರ ದೇವದುರ್ಗದ ಕ್ಯಾಂಪಿಗೆ ಮಾವ ಆಕಿನ್ನ ಕರ್ಕೊಂಡು ಬಂದ. ಕರ್ಕೊಂಡು ಬಂದ ಅಂದ್ರ, ಮುಂದ ಆತ ನಡದ, ಹಿಂದ ಆಕಿ ಬೈಕೋತ ಬಂದ್ಲು.

ಮೇಡಂ ಎಲ್ಲಾ ಕೇಳಿದ್ರು. ಬೈಲಿಲ್ಲ. ಅಕ್ಕನ ನೌಕರಿ ಬಗ್ಗಿ ಮಾತು ತಗದ್ರು. "ನಿಮ್ಮಲ್ಲಿ ಮಕ್ಕಳ ತೂಕ ನೋಡಿ ಬಣ್ಣ ಹಚ್ಚತೀರಲ್ರಿ ಟೀಚರ್, ಅದು ಹ್ಯಾಂಗ?"

ಇದು ಅಕ್ಕನ ಹೊಲ. ಮೈಯಾಗ ಜೀವ ಬಂತು. "ಚೊಲೋ ಬೆಳೆಯೋ ಕೂಸು ಹಸರು ರೀ. ಸ್ವಲ್ಪ ಹಿಂದ ಬಿದ್ರ ಹಳದಿ. ಊಟಿಲ್ಲದ ಸೊರಗಿದ್ರ ಕೆಂಪು."

"ಕೆಂಪಿನಾಗ ಇದ್ದ ಕೂಸಿಗೆ ಏನ್ ಮಾಡ್ತೀರಿ?"

"ತೊಡಿ ಮ್ಯಾಲ ಕುಂದರಿಸ್ಕೊಂಡು ಉಣಸ್ತೀನ್ರಿ! ತತ್ತಿ ಕೊಡ್ತೀನಿ, ಅವರವ್ವನ್ನ ಕರಸಿ ಬೈತೀನಿ. ನನ್ನ ಅಂಗನವಾಡ್ಯಾಗ ಕೆಂಪಿನಾಗ ಒಬ್ಬರೂ ಇಲ್ಲ ಮೇಡಂ. ದೊಡ್ಡ ಸಾಹೇಬ್ರು ಬಂದಾಗ ನಾ ಎದಿ ತಟ್ಟಿ ತೋರಸ್ತೀನಿ."

ಮೇಡಂ ಸಣ್ಣ ದನಿಲೆ ಅಂದ್ರು, "ಈಗ ಒಬ್ಬರು ಬಂದಾರಲ್ರಿ."

ಅಕ್ಕ ಮೊದಲು ನನ್ನ ಕಡೆ ನೋಡಿದ್ಲು, ಆಮ್ಯಾಲ ಗಂಡನ ಕಡೆ ನೋಡಿದ್ಲು. ತನ್ನ ಬಗ್ಗಿನ ಮಾತು ಅಂತ ತಿಳಿಯಾಕ ಸ್ವಲ್ಪ ಹೊತ್ತು ಬೇಕಾತು. ತಿಳದ ಮ್ಯಾಲ ಮೋತಿ ಕೆಂಪಗಾತು.

"ಏನ್ ಕೊಡ್ತೀರಿ ಕೊಡ್ರಿ, ತಿಂತೀನಿ" ಅಂದ್ಲು. ಮಾವ ಹಿಂದಿಂದ ಮೆಲ್ಲಕ ಅಂದ, "ಯಾರರ ಆಕಿನ್ನ ತೊಡಿ ಮ್ಯಾಲ ಕುಂದರಿಸ್ಕೊಂಡು ಉಣಸಬೇಕಂದ್ರ ನನ್ನ ಕಡೆಯಿಂದ ಆಗೂದಿಲ್ರೀ ಮತ್ತ."

ಎರಡಂದ್ರ ಎರಡ

ಮೇಡಂ ಬರೆದು ಕೊಟ್ಟಿದ್ದು ಹೊಸಾದೇನೂ ಅಲ್ಲ. ಎರಡೂ ಹೊತ್ತು ಸರಿಯಾಗಿ ಎರಡೆರಡು ಜ್ವಾಳದ ರೊಟ್ಟಿ, ಪುಂಡಿಪಲ್ಯ ಇಲ್ಲಾ ಬ್ಯಾರೆ ಸೊಪ್ಪು, ಒಂದು ವಾಟಿ ಬ್ಯಾಳಿ, ಒಂದು ತತ್ತಿ, ಮಜ್ಜಿಗಿ. ಎಣ್ಣಿ ಕಡಿಮಿ. ಚಹಾದಾಗ ಸಕ್ರಿ ಬಂದ್. ಒಟ್ಟು ಲೆಕ್ಕ ಸಾವಿರದ ಇನ್ನೂರರ ಮ್ಯಾಲ ಇರಬೇಕು, ಕೆಳಗ ಹೋಗಬಾರದು.

ಅಕ್ಕ ತಪ್ಪದಂಗ ತಿಂದ್ಲು. ಆದ್ರ ತೂಕ ಇಳೀಲಿಲ್ಲ. ಮುಂದಿನ ಕ್ಯಾಂಪಿನಾಗ ನೋಡಿದ್ರ ಮುಳ್ಳು ಮ್ಯಾಲಕ್ಕ ಹತ್ಯದ. ಅಕ್ಕ ನನ್ನ ಮಷಿನ್ ಸರಿ ಇಲ್ಲ ಅಂದ್ಲು. ಮೇಡಂ, "ನೀ ಒಮ್ಮಿ ಮನಿಗೆ ಹೋಗಿ ನೋಡಿ ಬಾರಪಾ" ಅಂತ ನನ್ನನ್ನ ಜಾಲಹಳ್ಳಿಗೆ ಕಳಿಸಿದ್ರು.

ಹೋದೆ. ಒಲಿ ಮುಂದ ಮಾವ ಕುಂತಿದ್ದ. ಅಕ್ಕ ಕುಸದು ಬಿದ್ದ ದಿನದಿಂದ ರೊಟ್ಟಿ ಬಡಿಯೂದು ತಾನ ಹಿಡದಾನಂತ. ಅರವತ್ತರ ಸಮೀಪ ಬಂದಾಂವ, ಹುಟ್ಟಿದಾಗಿಂದ ಹಿಟ್ಟು ಮುಟ್ಟಿದಾಂವ ಅಲ್ಲ. ಓಣಿ ಹೆಂಗಸರೆಲ್ಲಾ ನಿಂತು ನೋಡಿ ನಕ್ಕಾರ. "ಏನೋ ಮಾರಾಯ, ಮೀಸಿಗೆ ಹಿಟ್ಟು ಹತ್ಯದ ನೋಡು" ಅಂದಾರ. ಈತ, "ಹತ್ತಲಿ, ಆಕಿಗೆ ರಕ್ತ ಹತ್ತಬೇಕು" ಅಂತ ಬಡಿಕೋತ ಹೋಗ್ಯಾನ. ನಾ ಮನಸಿನಾಗ ಕೈ ಮುಗದೆ.

ಆಮ್ಯಾಲ ರೊಟ್ಟಿ ನೋಡಿದೆ. ತೆಳ್ಳಗ, ಸಣ್ಣಗ ಬಡಿಯಾಕ ಆತಗ ಬರ್ತಿರಲಿಲ್ಲ. ಹೆಂಚಿನ ಹೊರಗ ಸುತ್ತಲೂ ಜೋತು ಬಿದ್ದಿತ್ತು. ದಪ್ಪ ಅಂದ್ರ, ಕಂಬಳಿ ನಾಕ ಮಡಕಿ ಮಾಡಿದಂಗ.

"ಮಾವಾ, ಇದು ಒಂದು ರೊಟ್ಟಿನ?"

"ಹೂಂ. ಮೇಡಂ ಎರಡ ಅಂದಾರ, ಎರಡ ಕೊಡ್ತೀನಿ. ಮೂರನೇದು ಕೊಟ್ಟಿದ್ರ ಕೇಳು."

"ಆದ್ರ ಇಷ್ಟಗಲ..."

"ಅಗಲ ಎಷ್ಟಂತ ಅವರು ಹೇಳ್ಯಾರೇನು?"

ಅಕ್ಕ ಗಂಡನ ಪರ ನಿಂತ್ಲು. ರೊಟ್ಟಿ ಮುರಕೋತ ಅಂದ್ಲು, "ಮೂವತ್ತು ವರ್ಷ ನಾ ಬಡದು ಹಾಕೀನಿ. ಈಗ ಆತ ಬಡದು ಹಾಕಾಕತ್ತಾನ, ಅದಕ್ಕೂ ನಿನ್ನ ಕಣ್ಣೇನು?"

ಕಡಿಕ ಮೇಡಂ ಒಂದು ಉಪಾಯ ಮಾಡಿದ್ರು. ಸಣ್ಣ ತಾಟು ಕಳಿಸಿ, "ರೊಟ್ಟಿ ಇದರಾಗ ಕುಂದರಬೇಕು" ಅಂದ್ರು. ಮುಂದಿನ ವಾರ ಫೋನ್ ಮಾಡಿ ಕೇಳಿದೆ. ಮಾವ ಭಾಳ ಖುಷಿಲೆ ಹೇಳಿದ, "ಕುಂತಾವಪಾ! ನಾಕ ಮಡಕಿ ಮಾಡಿದ್ರ ಸರಿಯಾಗಿ ಕುಂದರ್ತಾವ."

ಆರು ದೇವರು

ಇತ್ತ ಮಾನ್ವ್ಯಾಗ ಇದರ ತಿರುವುಮುರುವು ಒಂದು ಕೇಸ್ ಇತ್ತು. ಒಬ್ಬರು ವಕೀಲರು. ದಿನಾ ಉಪಾಸ, ದಿನಾ ತೂಕ ಏರೂದು. ಮೇಡಂಗ ಅಕ್ಕನ ಚಿಂತಿ ಇತ್ತಲ್ಲ, ಉಪಾಸ ಅಂದ ಕೂಡಲೇ ಪೆನ್ನು ಕೆಳಗಿಟ್ಟು ಗಾಬರಿಯಾಗಿ ಕೇಳಿದ್ರು, "ದಿನಾ ಯಾಕ್ರಿ ವಕೀಲರ?"

"ಸೋಮಾರ ಈಶ್ವರ, ಮಂಗಳಾರ ದೇವಿ, ಬುಧವಾರ ಗಣಪ್ಪ, ಗುರುವಾರ ಗುರುಗಳು, ಶುಕ್ರಾರ ಲಕ್ಷ್ಮಿ, ಶನಿವಾರ ಹಣಮಪ್ಪ. ಆಯ್ತಾರ ಒಂದ ದಿನ ಊಟ ರೀ."

"ಉಪಾಸದ ದಿನ ಏನೂ ತೊಗೊಳ್ಳೂದಿಲ್ಲೇನ್ರಿ?"

"ಏನಿಲ್ರೀ. ಮುಂಜಾನೆ ಸಾಬೂದಾನಿ ಖಿಚಡಿ, ಮಧ್ಯಾಹ್ನ ಶೇಂಗಾದ ಉಂಡಿ, ನಾಕ ಬಾಳಿಹಣ್ಣು. ಸಂಜಿಗೆ ಕೆನಿ ಹಾಲು. ನಿತ್ರಾಣ ಆದ್ರ ಪೇಡಾ."

ಮೇಡಂ ಪೆನ್ನು ಮತ್ತ ಎತ್ತಿಕೊಂಡ್ರು. ಲೆಕ್ಕ ಹಾಕಿದ್ರು. ಹಾಳಿ ಹೊರಳಿಸಿ ಆ ಕಡೆ ಹಾಕಿದ್ರು. ಕಡಿಕ ಅಂದ್ರು, "ವಕೀಲರ, ನೀವು ಇಷ್ಟು ಉಪಾಸ ಇರಬ್ಯಾಡ್ರಿ. ದಿನಾ ಊಟ ಮಾಡ್ರಿ, ತೂಕ ಇಳಿತದ."

ವಕೀಲರು ಕಿಸೆದಾಗಿನ ಪೆನ್ನು ತಗದ್ರು. "ಅಂದ್ರ," ಅಂದ್ರು, "ಆರೂ ದೇವರಿಗೆ ಬ್ಯಾರೆ ಬ್ಯಾರೆ ನೋಟಿಸ್ ಕಳಿಸ್ಬೇಕೋ, ಒಂದರಾಗ ಎಲ್ಲಾರ ಹೆಸರು ಹಾಕಿದ್ರ ನಡಿತದೋ?"

ಒಂದು ಖಾತ್ರಿ ಹೇಳ್ರಿ

ಇನ್ನ ಕಡೀದು. ಅಕ್ಕನ ಆಪರೇಷನ್ ಚಂದಾಗಿ ಆತು, ಈಗ ಆಕಿ ಕೂಸುಗಳನ್ನ ಎತ್ತಿಕೊಂಡು ಅಂಗಳ ತುಂಬ ಅಡ್ಡಾಡಾಕತ್ತಾಳ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಅವತ್ತಿನ ಕಥಿ ಕೇಳಿದವರು ಆಪರೇಷನ್ ಏನಾತು ಅಂತ ಕೇಳೂದ ಮರೀತಾರ.

ಮಾವ ತೆಳ್ಳಗ ಬಡಿಯೂದು ಕಲತ. ಅಕ್ಕ ಅಳತಿ ಪ್ರಕಾರ ತಿಂದ್ಲು. ವಾರಕ್ಕ ಅರ್ಧ ಕೆ.ಜಿ., ಒಮ್ಮೊಮ್ಮಿ ಅದೂ ಇಲ್ಲ. ನಡುವ ಮದುವಿ ಬಂದ್ವು, ಹಬ್ಬ ಬಂದ್ವು. ಅಕ್ಕ ಒಂದು ಹೋಳಿಗಿ ತಿಂದು ಎರಡನೇದಕ್ಕ ಕೈ ಅಡ್ಡ ಹಿಡದ್ಲು. ಅವಸರ ಮಾಡಿ ಕೆಳಗೂ ಇಳೀಲಿಲ್ಲ. "ಒಂದೆರಡು ದಿನ ಬಿಟ್ಟು ನೋಡ್ಲೇನು" ಅಂತ ಒಂದ ಸಲಾನೂ ಕೇಳ್ಲಿಲ್ಲ. ನಾ ಇಷ್ಟು ವರ್ಷ ಮಷಿನ್ ಬಾಜೂಕ ಕುಂತೀನಿ, ಇಂಥಾ ಗಟ್ಟಿ ಪೇಷಂಟ್ ನೋಡಿಲ್ಲ. ಹತ್ತು ಕೆ.ಜಿ. ಇಳೀತು, ರಕ್ತ ಏರಿತು. ಡಾಕ್ಟ್ರು ನೋಡಿ, "ಶಹಬ್ಬಾಸ್! ಈಗ ಮಾಡೋಣ" ಅಂದ್ರು.

ಆಪರೇಷನ್ ಹಿಂದಿನ ದಿನ ಸಂಜಿಮುಂದ ದವಾಖಾನ್ಯಾಗ ಸೇರಿಸಿದ್ವಿ, ಮಾವ ನಮ್ಮ ಮನ್ಯಾಗ ಉಳದ. ಸಿಸ್ಟರ್ ಬಂದು, "ಅಮ್ಮಾ, ನಾಳೆ ಆಪರೇಷನ್ ಆಗೋತನಕ ಹೊಟ್ಟ್ಯಾಗ ಏನೂ ಇರಬಾರದು. ಉಪಾಸ ಇರ್ರಿ" ಅಂದ್ಲು. ಅಕ್ಕ ಹೂಂ ಅಂತ ತಲಿ ಆಡಿಸಿದ್ಲು. ಆಕಿ ಅಷ್ಟು ಲಗೂನ ತಲಿ ಆಡಿಸಿದಾಗ ನಾ ತಿಳ್ಕೋಬೇಕಿತ್ತು.

ಮುಂಜಾನೆ ಹಸರು ಅಂಗಿ ತೊಡಸಿ, ಕೈಗೆ ಸೂಜಿ ಚುಚ್ಚಿ, ಗಾಲಿ ಮಂಚದ ಮ್ಯಾಲ ಮಲಗಿಸಿ ಥಿಯೇಟರ್ ಬಾಗಲಕ್ಕ ತಂದ್ರು. ಮಾವ ಒಂದು ಕಡೆ, ನಾ ಒಂದು ಕಡೆ. ಮೇಡಂ ಸೈತ ಬಂದಿದ್ರು, ತಮ್ಮ ಪೇಷಂಟ್ ಅಂತ. ಅರವಳಿಕಿ ಕೊಡೋ ಡಾಕ್ಟ್ರು ಬಂದು ಕೇಳಿದ್ರು, "ಏನೂ ತಿಂದಿಲ್ಲಲ್ರಿ ಅಮ್ಮಾ?"

ಅಕ್ಕ ಮಲಗಿದಲ್ಲೇ ಹೆಮ್ಮಿಲೆ ಒಪ್ಪಸಿದ್ಲು, ಅಂಗನವಾಡಿ ಮಕ್ಕಳು ಪದ್ಯ ಒಪ್ಪಸ್ತಾವಲ್ಲ, ಹಂಗ. "ಎರಡು ರೊಟ್ಟಿ, ಒಂದು ವಾಟಿ ಬ್ಯಾಳಿ, ಒಂದು ತತ್ತಿ, ಪುಂಡಿಪಲ್ಯ. ಎಣ್ಣಿ ಕಡಿಮಿ ರೀ."

ಅರವಳಿಕಿ ಡಾಕ್ಟ್ರು ಗಾಲಿ ಮಂಚ ಬಿಟ್ಟ್ರು. ಸಿಸ್ಟರ್ ಎದಿ ಮ್ಯಾಲ ಕೈ ಇಟ್ಕೊಂಡ್ಲು. ನಾ ಮಾವನ ಕಡೆ ನೋಡಿದೆ. ಮಾವ ಅಂದ, "ನಸಕಿನಾಗ ತೆಳ್ಳಗ ಬಡದು ತಂದಿದ್ದೆನೋ, ನಿನ್ನಾಣಿ."

ಒಳಗಿಂದ ಆಪರೇಷನ್ ಡಾಕ್ಟ್ರು ಕೈಗವಸು ಹಾಕ್ಕೊಂಡ ಹೊರಗ ಬಂದ್ರು. ಹೊಟ್ಟ್ಯಾಗ ಊಟ ಇದ್ರ ಅರವಳಿಕ್ಯಾಗ ವಾಂತಿ ಆಗಿ ಉಸರಿಗೆ ಸಿಗ್ತದ, ಜೀವಕ್ಕ ಅಪಾಯ, ಇವತ್ತು ಆಗೂದಿಲ್ಲ, ನಾಳೆಗೆ ಹಾಕ್ರಿ ಅಂತ ಜೋರು ಮಾಡಿದ್ರು. ಆಮ್ಯಾಲ ಅಕ್ಕನ ಕಡೆ ತಿರುಗಿ, "ಉಪಾಸ ಇರ್ರಿ ಅಂತ ಸಿಸ್ಟರ್ ಹೇಳಿರಲಿಲ್ಲೇನ್ರಿ?" ಅಂದ್ರು.

"ಹೇಳಿದ್ರಿ."

"ಮತ್ತ್ಯಾಕ ತಿಂದ್ರಿ?"

ಅಕ್ಕ ಎದ್ದು ಕುಂತ್ಲು. ಮೇಡಂ ಫೈಲ್ ಮೋತಿಗೆ ಅಡ್ಡ ಹಿಡಕೊಂಡಿದ್ರು, ಫೈಲ್ ಅಲಗಾಡಾಕತ್ತಿತ್ತು.

"ಡಾಕ್ಟ್ರ," ಅಂದ್ಲು ಅಕ್ಕ, "ಹೋದ ಸಲ ಉಪಾಸ ಇದ್ದು ಬಂದೆ, ಆಪರೇಷನ್ ಮಾಡಂಗಿಲ್ಲ ಅಂದ್ರಿ. ಈ ಸಲ ಉಂಡು ಬಂದೀನಿ, ಮಾಡಂಗಿಲ್ಲ ಅಂತೀರಿ. ನಿಮಗ ಆಪರೇಷನ್ ಬರ್ತದೋ ಇಲ್ಲೋ, ಅದೊಂದು ಖಾತ್ರಿ ಹೇಳ್ರಿ!"